ತಾತನ ಈಡು, ಮಗನ ಗಾಳ: ಯಾವ ಮೀನಿಗೆ ಏನು, ನೀರಿನ ಹತ್ತಿರ ಯಾವ ಜಾಗ್ರತೆ?

ಮಾಗಡಿ_ರಸ್ತೆಯವ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನ ತಾತ ಮೂಡಿಗೆರೆ ಕಡೆಯವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವುದಕ್ಕೆ ಮೊದಲು ಕೋವಿ ಹೆಗಲಿಗೇರಿಸಿಕೊಂಡು ಈಡಿಗೆ ಹೋಗುತ್ತಿದ್ದವರು. ನಾನು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ನನ್ನ ಪಾಲಿಗೆ ಬಂದದ್ದು ಅವರ ಕಥೆಗಳು ಮಾತ್ರ. ಅವನ್ನೇ ಮಗನಿಗೆ ಹೇಳುತ್ತಾ ಬಂದೆ. ಈಗ ಅವನಿಗೆ ಹನ್ನೊಂದು ವರ್ಷ, ‘ನನಗೂ ಬೇಟೆ ಕಲಿಸು’ ಎಂದು ಹಟ ಹಿಡಿದಿದ್ದಾನೆ. ಬೇಟೆ ಅಪರಾಧ ಎಂಬುದನ್ನು ತಿಳಿಸಿ ಹೇಳಿದ್ದೇನೆ. ಗಾಳ ಹಾಕುವುದನ್ನಾದರೂ ಕಲಿಸೋಣ ಎಂದುಕೊಂಡೆ.

ಕಳೆದ ಭಾನುವಾರ ಮಾಗಡಿ ರಸ್ತೆಯ ಆಚೆ ಒಂದು ಕೆರೆಗೆ ಹೋದೆವು. ಮೂರು ಗಂಟೆ ಕೂತೆವು. ಎರೆಹುಳು ಖಾಲಿಯಾಯಿತು, ಮೀನು ಬರಲಿಲ್ಲ. ಹೊರಡುವ ಹೊತ್ತಿಗೆ ಮಗ ಏರಿಯ ಒಳಮೈಯಲ್ಲಿ ಜಾರಿ ಮೊಣಕಾಲಿನವರೆಗೆ ಕೆಸರಿಗಿಳಿದ. ನಾನು ಎರಡು ಮಾರು ದೂರದಲ್ಲಿದ್ದೆ. ಕೈ ಹಿಡಿದು ಎಳೆದೆ, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಮನೆಯಲ್ಲಿ ಹೆಂಡತಿ, ‘ಗೊತ್ತಿಲ್ಲದ ಕೆಲಸಕ್ಕೆ ಮಗುವನ್ನು ಕರೆದುಕೊಂಡು ಹೋಗಬೇಡಿ’ ಎಂದಳು. ಅವಳ ಮಾತು ಸರಿ.

ಗೊತ್ತು ಮಾಡಿಕೊಳ್ಳಬೇಕು ಎಂದು ಇಲ್ಲಿ ಕೇಳುತ್ತಿದ್ದೇನೆ. ಬೆಂಗಳೂರಿನ ಸುತ್ತಮುತ್ತ ಯಾವ ಯಾವ ಮೀನು, ಯಾವುದಕ್ಕೆ ಯಾವ ಎರೆ, ಯಾವ ಅಪಾಯಕ್ಕೆ ಏನು ಸಿದ್ಧತೆ? ಸಹೋದ್ಯೋಗಿಯೊಬ್ಬರು ‘ಸಂಗಮಕ್ಕೆ (ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ) ಹೋಗೋಣ, ಅಲ್ಲಿ ದೊಡ್ಡ ಮೀನುಗಳಿವೆ’ ಎನ್ನುತ್ತಿದ್ದಾರೆ. ಹೋಗಬಹುದೇ?

ಬೆಂಡು_ಕಾಯುವವ | ಸೋಮವಾರ, ರಾತ್ರಿ 11.05

ಸರ್, ನಾನು ಮೂವತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಎರಡು ಮಾರು. ಮೀನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕೆರೆಗಳ ಅಂಚು ಹಿಂದಿನ ಹಾಗಿಲ್ಲ. ಮೊದಲು ಕೆರೆಯಂಗಳ ತಟ್ಟೆಯ ಹಾಗೆ ನಿಧಾನವಾಗಿ ಇಳಿಯುತ್ತಿತ್ತು, ಎಮ್ಮೆ ಇಳಿದಲ್ಲಿ ಮನುಷ್ಯನೂ ಇಳಿಯಬಹುದಿತ್ತು. ಈಗ ಹೂಳೆತ್ತಲು ಜೆಸಿಬಿ ಇಳಿಸುತ್ತಾರೆ. ಮಣ್ಣು ತೆಗೆದ ಗುಂಡಿಗಳ ಗೋಡೆ ನೆಟ್ಟಗೆ ನಿಂತಿರುತ್ತದೆ. ನೀರು ತುಂಬಿದ ಮೇಲೆ ಎಲ್ಲವೂ ಒಂದೇ ಮಟ್ಟ. ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ತಲೆಯ ಮೇಲೆ ನೀರು. ಜಲಕಳೆ ಹಬ್ಬಿದ ಕಡೆ ಇನ್ನೂ ಕೆಟ್ಟದು: ಹಸಿರು ನೆಲದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಬೇರುಗಳು ಸುತ್ತಿಕೊಳ್ಳುತ್ತವೆ. ಗಾಳ ಕಳೆಯಲ್ಲಿ ಸಿಕ್ಕಿಕೊಂಡರೆ ದಾರ ಕತ್ತರಿಸಿಬಿಡಿ. ಗಾಳ ಬಿಡಿಸಲು ನೀರಿಗಿಳಿಯುವುದಿಲ್ಲ ಎಂದು ಮಗನಿಂದಲೂ ಹೇಳಿಸಿ, ನೀವೂ ಹೇಳಿಕೊಳ್ಳಿ.

ನಾನು ಯಾವ ಹೊಸ ಕೆರೆಗೆ ಹೋದರೂ ಮೊದಲ ಅರ್ಧ ಗಂಟೆ ಗಾಳ ಬಿಚ್ಚುವುದಿಲ್ಲ. ಒಂದು ಬಿದಿರು ಕೋಲಿನಿಂದ ಅಂಚಿನುದ್ದಕ್ಕೂ ಆಳ ನೋಡುತ್ತೇನೆ. ದನ ಎಲ್ಲಿ ನೀರು ಕುಡಿಯುತ್ತವೆ ನೋಡುತ್ತೇನೆ. ಬಟ್ಟೆ ಒಗೆಯುವವರನ್ನೋ ಹುಲ್ಲು ಕೊಯ್ಯುವವರನ್ನೋ ಮಾತನಾಡಿಸುತ್ತೇನೆ. ಎಲ್ಲಿ ಗುಂಡಿ ಇದೆ, ಯಾರು ಎಲ್ಲಿ ಮುಳುಗಿದರು ಎಂಬುದು ಅವರಿಗೆ ಗೊತ್ತಿರುತ್ತದೆ. ಈ ಅರ್ಧ ಗಂಟೆಯಲ್ಲಿ ಮೀನು ಎಲ್ಲಿದೆ ಎಂಬುದೂ ಗೊತ್ತಾಗಿಬಿಡುತ್ತದೆ, ಗುಳ್ಳೆ ಏಳುವ ಜಾಗ, ಬಾಲ ಬಡಿಯುವ ಜಾಗ ಎಲ್ಲ ಕಣ್ಣಿಗೆ ಬೀಳುತ್ತವೆ. ನಿಮ್ಮ ತಾತ ಈಡಿಗೆ ಹೊರಟಾಗ ಹೆಜ್ಜೆ ಗುರುತು ನೋಡುತ್ತಿದ್ದರಲ್ಲ, ಇದೂ ಹಾಗೆಯೇ.

ಇನ್ನು ಮೀನು. ಒಂದೇ ಎರೆ, ಒಂದೇ ಆಳ ಎಂದು ಕೂತರೆ ಮೂರು ಗಂಟೆಯಲ್ಲ, ಮೂರು ದಿನ ಕೂತರೂ ಅಷ್ಟೇ. ಮೀನಿನ ಬಾಯಿ ನೋಡಿ. ಕಾಟ್ಲದ ಬಾಯಿ ಮೇಲ್ಮುಖವಾಗಿದೆ, ಅದು ಮೇಲಿನ ನೀರಿನಲ್ಲಿ ತಿನ್ನುವ ಮೀನು. ರೋಹುವಿನ ತುಟಿ ಸ್ವಲ್ಪ ಕೆಳಕ್ಕೆ ಬಾಗಿ ಅಂಚಿನಲ್ಲಿ ಜಾಲರಿಯಂತಿದೆ, ಅದು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳ ಕೆದಕುವವು. ಗೆಂಡೆಗೆ ಬಾಯಿಯ ಪಕ್ಕ ಎರಡು ಜೊತೆ ಮೀಸೆ, ಬಾಯಿ ಕೊಳವೆಯ ಹಾಗೆ ಮುಂದಕ್ಕೆ ಚಾಚುತ್ತದೆ. ಒಂದೇ ಕೆರೆಗೆ ಇವನ್ನೆಲ್ಲ ಒಟ್ಟಿಗೆ ಬಿತ್ತುವುದು ಇದೇ ಕಾರಣಕ್ಕೆ, ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕುವುದಿಲ್ಲ. ಹಾಗಾಗಿ ಕಾಟ್ಲಕ್ಕೆ ಬೆಂಡಿನಿಂದ (ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ತುಂಡು) ಎರಡು ಮೂರು ಅಡಿ ಕೆಳಗೆ ಎರೆ ತೂಗಬೇಕು, ಗೆಂಡೆಗೆ ಸೀಸದ ಗುಂಡು ತಳ ಮುಟ್ಟಬೇಕು.

ಗೆಂಡೆಗೆ ನನ್ನ ಎರೆ ರಾಗಿ. ಗಟ್ಟಿ ಮುದ್ದೆ ಕಟ್ಟಿ, ಕಡಲೆಕಾಯಿ ಹಿಂಡಿಯ ಪುಡಿ ಸೇರಿಸಿ, ಕೈಗೆ ಅಂಟದ ಹದಕ್ಕೆ ನಾದಬೇಕು. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ. ನೀರಿಗೆ ಬಿದ್ದು ಐದು ನಿಮಿಷಕ್ಕೆ ಕರಗಿದರೆ ಮೆತ್ತಗಾಯಿತು, ಅರ್ಧ ಗಂಟೆಯಾದರೂ ಕಲ್ಲಿನಂತಿದ್ದರೆ ಗಟ್ಟಿಯಾಯಿತು. ಬಕೆಟ್ಟಿನಲ್ಲಿ ಒಮ್ಮೆ ಪರೀಕ್ಷೆ ಮಾಡಿ. ಗೆಂಡೆ ಕಚ್ಚುವಾಗ ಬೆಂಡು ಮೊದಲು ನಡುಗುತ್ತದೆ. ಆಗ ಎಳೆಯಬೇಡಿ. ನಡುಕ ನಿಂತು ಬೆಂಡು ಓರೆಯಾಗಿ ಸರಿಯಲು ತೊಡಗಿದಾಗ ಎಳೆಯಬೇಕು. ಮಗನಿಗೆ ಇದನ್ನು ಕಲಿಸಲು ಒಂದು ಋತುವಾದರೂ ಬೇಕು.

ಎರೆಹುಳು ಖಾಲಿಯಾಯಿತು, ಮೀನು ಬರಲಿಲ್ಲ ಎಂದಿರಿ. ಅದು ಜಿಲೇಬಿ ಮೀನಿನ (ತಿಲಾಪಿಯ) ಕೆಲಸ. ಅದರ ಬಾಯಿ ಚಿಕ್ಕದು, ಗಾಳ ದೊಡ್ಡದಿದ್ದರೆ ಹುಳುವನ್ನು ತುದಿಯಿಂದ ಎಳೆದು ತಿಂದು ಹೋಗುತ್ತದೆ. ಚಿಕ್ಕ ಗಾಳ, ಹುಳುವಿನ ಒಂದು ತುಂಡು ಸಾಕು. ಮಕ್ಕಳಿಗೆ ಕಲಿಯಲು ಜಿಲೇಬಿಗಿಂತ ಒಳ್ಳೆಯ ಮೀನಿಲ್ಲ. 1952ರಲ್ಲಿ ಹೊರದೇಶದಿಂದ ತಂದದ್ದು, ಈಗ ಎಲ್ಲ ಕೆರೆಯಲ್ಲೂ ಅದರದ್ದೇ ಸಂತೆ. ಹಿಡಿಯುವಾಗ ಅಂಗೈಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿಕೊಂಡು ಹೋಗಿ, ಬೆನ್ನಿನ ಮುಳ್ಳುಗಳು ಮಡಚಿಕೊಳ್ಳುತ್ತವೆ. ಉಲ್ಟಾ ಸವರಿದರೆ ಅಂಗೈ ಹರಿಯುತ್ತದೆ.

ನೆಲಮಂಗಲ_ನಾಗ | ಮಂಗಳವಾರ, ಬೆಳಿಗ್ಗೆ 7.15

ಕೊರವ ಮೀನಿನ ಬಗ್ಗೆ ನಾನು ಹೇಳುತ್ತೇನೆ, ಮರಲ್ ಎಂದೂ ಕರೆಯುತ್ತಾರೆ. ಇದು ಹುಳು ನೆಚ್ಚಿ ಕೂರುವ ಮೀನಲ್ಲ, ಹೊಂಚು ಹಾಕುವ ಮೀನು. ತಾವರೆ ಎಲೆ, ಜೊಂಡು, ಕೊಳೆತ ಮರದ ದಿಮ್ಮಿ ಇರುವಲ್ಲಿ ನೆರಳಿಗೆ ನಿಂತಿರುತ್ತದೆ. ನಮ್ಮ ಊರಿನಲ್ಲಿ ಜೀವಂತ ಕಪ್ಪೆ ಚುಚ್ಚಿ ಹಿಡಿಯುತ್ತಿದ್ದರು. ನಾನು ಬಿಟ್ಟು ವರ್ಷಗಳಾದವು, ರಬ್ಬರ್ ಕಪ್ಪೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಕಳೆಗೂ ಸಿಕ್ಕುವುದಿಲ್ಲ. ಎಲೆಗಳ ಮೇಲೆ ಎಸೆದು, ಕುಪ್ಪಳಿಸುವ ಹಾಗೆ ಎಳೆಯುತ್ತಾ ಬನ್ನಿ. ನೀರು ಸಿಡಿದ ಕೂಡಲೇ ಕೈ ಎಳೆದರೆ ಕಪ್ಪೆ ಬರಿದೇ ವಾಪಸ್ ಬರುತ್ತದೆ. ಒಂದು, ಎರಡು ಎಣಿಸಿ ಆಮೇಲೆ ಎಳೆಯಿರಿ.

ಒಂದು ವಿಷಯ ಮಾತ್ರ ಕೈಮುಗಿದು ಕೇಳುತ್ತೇನೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಬಣ್ಣದ ಸಣ್ಣ ಮರಿಗಳ ಗುಂಪು ಕೊಡದಷ್ಟು ಅಗಲಕ್ಕೆ ಗಿಜಿಗುಡುತ್ತಾ ಸಾಗುವುದು ಕಾಣುತ್ತದೆ. ಎಲ್ಲವೂ ಒಮ್ಮೆಲೇ ಮೇಲೆ ಬಂದು ಗಾಳಿ ನುಂಗುವಾಗ ಮಳೆ ಹನಿ ಬಿದ್ದ ಹಾಗೆ ಸದ್ದಾಗುತ್ತದೆ. ಅದರ ಅಡಿಯಲ್ಲೇ ತಾಯಿ ತಂದೆ ಕಾವಲಿರುತ್ತವೆ. ಆಗ ಮರಿಗಳ ನಡುವೆ ಏನು ಬಿದ್ದರೂ ಅವು ಸಿಟ್ಟಿನಿಂದ ಕಚ್ಚುತ್ತವೆ, ಹಿಡಿಯುವುದು ಬಲು ಸುಲಭ. ಅದಕ್ಕೇ ಹಿಡಿಯಬಾರದು. ದೊಡ್ಡದು ಹೋದ ಒಂದು ಗಂಟೆಯಲ್ಲಿ ಜಿಲೇಬಿಗಳು ಮರಿಗಳನ್ನು ಮುಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವತ್ತು ಆ ದೊಡ್ಡ ಮೀನು ಹಿಡಿದವನು ನಾನೇ. ಇಪ್ಪತ್ತು ವರ್ಷವಾಯಿತು, ಈಗಲೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಲೆನಾಡ_ಮಗಳು | ಮಂಗಳವಾರ, ಬೆಳಿಗ್ಗೆ 10.30

ತಾತನ ಈಡಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಶೃಂಗೇರಿ ಕಡೆಯವಳು, ಈಗ ಬಸವೇಶ್ವರನಗರದಲ್ಲಿದ್ದೇನೆ. ಬೆಳೆ ಕಾಯಲು ಪರವಾನಗಿಯ ಕೋವಿ ನಮ್ಮ ಮನೆಯಲ್ಲೂ ಇತ್ತು. ಅಪ್ಪ ನಮಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ, ಆದರೆ ಎದುರಿಗೆ ಕೂರಿಸಿಕೊಂಡು ಒರೆಸುತ್ತಿದ್ದರು. ತುಂಬಿಲ್ಲ ಎಂದು ಗೊತ್ತಿದ್ದರೂ ನಳಿಗೆ ಯಾರ ಕಡೆಗೂ ತಿರುಗುತ್ತಿರಲಿಲ್ಲ. ಕೋವಿಯ ಕುದುರೆಯ (ಒತ್ತಿದರೆ ಗುಂಡು ಹಾರುವ ಕೀಲಿ) ಮೇಲೆ ಬೆರಳು ಹೋಗುತ್ತಿರಲಿಲ್ಲ. ಬೇಲಿ ದಾಟುವಾಗ ತೋಟಾ ತೆಗೆದು ಜೇಬಿಗೆ ಹಾಕಿಕೊಂಡೇ ದಾಟುತ್ತಿದ್ದರು.

ಅದಕ್ಕೆ ಕಾರಣವಿತ್ತು. ನಮ್ಮ ಪಕ್ಕದ ಊರಿನಲ್ಲಿ ರಾತ್ರಿ ಹಂದಿ ಕಾಯಲು ಹೋದವರು ಅಲುಗಾಡಿದ ಪೊದೆಗೆ ಗುಂಡು ಹಾರಿಸಿದರು. ಪೊದೆಯ ಹಿಂದೆ ಇದ್ದದ್ದು ಅವರ ಜೊತೆಗೇ ಹೋಗಿದ್ದ ಹುಡುಗ. ಮಲೆನಾಡಿನಲ್ಲಿ ಇಂಥ ಸಾವು ಒಂದಲ್ಲ ಎರಡಲ್ಲ. ಸದ್ದಿಗೆ ಗುಂಡು ಹಾರಿಸಬಾರದು, ಮೈ ಪೂರ್ತಿ ಕಾಣಬೇಕು, ಅದರ ಹಿಂದೆ ಏನಿದೆ ಎಂಬುದೂ ಕಾಣಬೇಕು ಎಂದು ಅಪ್ಪ ಹೇಳುತ್ತಿದ್ದರು. ಕಾಡುಹಂದಿಗೆ ಉರುಳು ಹಾಕುವವರು, ಬೇಲಿಗೆ ಕರೆಂಟು ಕೊಡುವವರು ಈಗಲೂ ಇದ್ದಾರೆ. ಅದರಲ್ಲಿ ಸಾಯುವುದು ಚಿರತೆ, ಆನೆ, ಕೊನೆಗೆ ಬೆಳಗಿನ ಜಾವ ಗದ್ದೆಗೆ ಹೋದ ಮನೆಯವರೇ. ಕೊಡಗಿನವರಿಗೆ ಕೋವಿಗೆ ವಿನಾಯಿತಿ ಇದೆಯಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಬೇಟೆಯಾಡಲು ಅಲ್ಲ.

ಮೀನಿಗೂ ಇಂಥದ್ದೇ ಕೆಟ್ಟ ದಾರಿ ಇದೆ. ಹೊಳೆಗೆ ತೋಟೆ (ಸಿಡಿಮದ್ದು) ಸಿಡಿಸುವುದು, ವಿಷ ಬೆರೆಸುವುದು. 1897ರ ಮೀನುಗಾರಿಕೆ ಕಾಯಿದೆಯಲ್ಲೇ ಎರಡನ್ನೂ ನಿಷೇಧಿಸಲಾಗಿದೆ. ತೋಟೆಗೆ ಸತ್ತ ಮೀನಿನಲ್ಲಿ ಮೇಲೆ ತೇಲುವುದು ಸ್ವಲ್ಪ, ಉಳಿದದ್ದು ತಳ ಸೇರಿ ಕೊಳೆಯುತ್ತದೆ. ನಮ್ಮೂರಿನಲ್ಲಿ ಬತ್ತಿ ಗಿಡ್ಡವಾಗಿ ಮುಂಗೈ ಕಳೆದುಕೊಂಡ ಒಬ್ಬರು ಇದ್ದರು. ಅವರು ಎಡಗೈಯಲ್ಲಿ ಬೀಡಿ ಹಚ್ಚಿಕೊಳ್ಳುವುದನ್ನು ನೋಡುತ್ತಾ ನಾವು ಬೆಳೆದೆವು.

ತಾತನ ಕಥೆ ಹೇಳುವಾಗ ಹುಲಿ, ಕಡವೆಯ ಜೊತೆಗೆ ಇದನ್ನೂ ಹೇಳಿ ಅಣ್ಣ.

ಕೆಂಗೇರಿ_ಕಿರಿಯ | ಮಂಗಳವಾರ, ಮಧ್ಯಾಹ್ನ 1.20

ಸಂಗಮಕ್ಕೆ ನಾವು ಸ್ನೇಹಿತರು ಹೋದ ವರ್ಷ ಹೋಗಿದ್ದೆವು. ಯಾರೂ ಏನೂ ಕೇಳಲಿಲ್ಲ. ಬೆಳಿಗ್ಗೆ ಬೇಗ ಹೋದರೆ ತೊಂದರೆ ಇಲ್ಲ ಅನ್ನಿಸುತ್ತದೆ. ಬೆಂಗಳೂರಿನ ಕೊಳಚೆ ಕೆರೆಗಿಂತ ಕಾವೇರಿಯ ನೀರು ಎಷ್ಟೋ ಮೇಲಲ್ಲವೇ?

ಬೆಂಡು_ಕಾಯುವವ | ಮಂಗಳವಾರ, ಮಧ್ಯಾಹ್ನ 2.45

ತಮ್ಮ, ಯಾರೂ ಕೇಳದಿದ್ದದ್ದು ನಿಮ್ಮ ಅದೃಷ್ಟ. ಸಂಗಮ, ಮೇಕೆದಾಟು, ಮುತ್ತತ್ತಿ, ಭೀಮೇಶ್ವರಿ ಎಲ್ಲವೂ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಒಳಗೆ ಬರುತ್ತವೆ. ಅಭಯಾರಣ್ಯದ ಒಳಗೆ ಮೀನು ಹಿಡಿಯುವುದೂ ವನ್ಯಜೀವಿ ಕಾಯಿದೆಯ ಉಲ್ಲಂಘನೆಯೇ. ಒಂದು ಕಾಲದಲ್ಲಿ ಭೀಮೇಶ್ವರಿಗೆ ದೇಶವಿದೇಶದಿಂದ ಜನ ಮಹಶೀರ್ ಎಂಬ ದೊಡ್ಡ ಹೊಳೆಮೀನು ಹಿಡಿಯಲು ಬರುತ್ತಿದ್ದರು, ತೂಕ ನೋಡಿ ನೀರಿಗೆ ಬಿಡುತ್ತಿದ್ದರು. ಎರೆ ಅಲ್ಲೂ ರಾಗಿಯೇ, ನಿಂಬೆಹಣ್ಣಿನ ಗಾತ್ರದ ಉಂಡೆ. ಅದೂ ಈಗ ನಿಂತಿದೆ.

ಆ ಮೀನಿನ ಕಥೆ ಹೇಳಲೇಬೇಕು. 1946ರಲ್ಲಿ ಮೈಸೂರಿನಲ್ಲಿ ಸತ್ತ ಪ್ರಾಣಿಗಳ ಚರ್ಮ ಹದಮಾಡಿ ತುಂಬುವ ಕೆಲಸಕ್ಕೆ ಹೆಸರಾದ ವ್ಯಾನ್ ಇಂಗೆನ್ ಸಹೋದರರಲ್ಲಿ ಒಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಬೆನ್ನು ಗೂನಾದ ಆ ಜಾತಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಟಾರ್ ರೇಮಾದೇವಿ ಎಂಬ ಜಾತಿ ಎಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಹೆಸರು ಸಿಕ್ಕ ಹೊತ್ತಿಗೆ ಮೀನೇ ಹೋಗುತ್ತಿದೆ. ಸಂಗಮದಲ್ಲಿ ನಿಮ್ಮ ಗಾಳಕ್ಕೆ ಕಚ್ಚುವುದು ಅಂಥದ್ದೇ ಉಳಿದ ಒಂದು ಮೀನಾದರೆ ಏನು ಮಾಡುತ್ತೀರಿ?

ಕಾನೂನು ಬದಿಗಿಡೋಣ. ಮೇಕೆದಾಟಿನ ಬಂಡೆಗಳನ್ನು ನೋಡಿದ್ದೀರಿ. ನೀರು ಕೊರೆದ ಕುಳಿಗಳು, ಒಳಗೆ ಪಾಚಿ, ಮೇಲೆ ಎಣ್ಣೆ ಸವರಿದ ನುಣುಪು. ಅಗಲವಾಗಿ ಬಂದ ನದಿ ಅಲ್ಲಿ ಕಿರಿದಾದ ಕಲ್ಲಿನ ಸಂದಿಗೆ ನುಗ್ಗುತ್ತದೆ, ಒಳಸುಳಿ ಮೇಲಿನಿಂದ ಕಾಣುವುದಿಲ್ಲ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಇಲ್ಲಿ ಮೋಡವೂ ಇರುವುದಿಲ್ಲ, ಮಳೆಯೂ ಇರುವುದಿಲ್ಲ, ನೀರು ಮಾತ್ರ ಏರುತ್ತದೆ. ನೀವು ನಿಂತ ಬಂಡೆ ನೋಡುನೋಡುತ್ತಿದ್ದಂತೆ ನಡುಗಡ್ಡೆಯಾಗುತ್ತದೆ. ಮೊಸಳೆಯೂ ಇದೆ, ಆನೆಯೂ ಇದೆ. ಈಜು ಬರುತ್ತದೆ ಎಂದು ಇಳಿದವರೇ ಅಲ್ಲಿ ಹೆಚ್ಚಾಗಿ ಸತ್ತಿರುವುದು.

ಕೆಂಗೇರಿ_ಕಿರಿಯ | ಮಂಗಳವಾರ, ಸಂಜೆ 4.00

ಅಭಯಾರಣ್ಯ ಎಂಬುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇನ್ನು ಹೋಗುವುದಿಲ್ಲ ಸರ್.

ತಂತಿ_ಕೆಲಸದವ | ಮಂಗಳವಾರ, ಸಂಜೆ 6.10

ನಾನು ವಿದ್ಯುತ್ ಮಾರ್ಗದ ಕೆಲಸ ಮಾಡುವವನು. ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಈಗ ಅಂಗಡಿಯಲ್ಲಿ ಸಿಗುವ ಹಗುರವಾದ ಕಪ್ಪು ಕೋಲುಗಳು ಕಾರ್ಬನ್ನಿನವು. ಕಾರ್ಬನ್ ಒಳ್ಳೆಯ ವಿದ್ಯುತ್ ವಾಹಕ. ಹತ್ತು ಹನ್ನೆರಡು ಅಡಿ ಕೋಲನ್ನು ನೆಟ್ಟಗೆ ಹಿಡಿದು ಏರಿಯ ಮೇಲೆ ನಡೆಯುತ್ತಾ ಬಂದರೆ ತಲೆಯ ಮೇಲಿನ 11 ಕೆ.ವಿ. ತಂತಿಗೆ ತಗುಲಬಹುದು. ಒತ್ತಡ ಇನ್ನೂ ಹೆಚ್ಚಿರುವ ಮಾರ್ಗವಾದರೆ ಮುಟ್ಟಬೇಕೆಂದೇ ಇಲ್ಲ, ಹತ್ತಿರ ಹೋದರೆ ಸಾಕು, ಹಾರಿ ಹೊಡೆಯುತ್ತದೆ. ನಗರದ ಎಷ್ಟೋ ಕೆರೆಗಳ ಅಂಚಿನಲ್ಲಿ ಹೈಟೆನ್ಷನ್ ಮಾರ್ಗಗಳಿವೆ. ಕೋಲನ್ನು ಮಡಚಿ ಅಡ್ಡ ಹಿಡಿದೇ ನಡೆಯಿರಿ, ತಂತಿ ಇರುವ ಕಡೆ ಗಾಳ ಬೀಸಲೇಬೇಡಿ. ಒದ್ದೆ ಬಿದಿರು ಸುರಕ್ಷಿತ ಎಂಬುದೂ ತಪ್ಪು.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ತಕ್ಷಣ ಕೋಲು ಕೆಳಗಿಟ್ಟು ಹೊರಡಿ. ಬಯಲು ಏರಿಯ ಮೇಲೆ ಕೋಲು ಹಿಡಿದು ನಿಂತವನೇ ಅಲ್ಲಿ ಎಲ್ಲಕ್ಕಿಂತ ಎತ್ತರ. ಮರದ ಕೆಳಗೆ ನಿಲ್ಲಬಾರದು, ಕಾರೋ ಪಕ್ಕಾ ಕಟ್ಟಡವೋ ಆಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ವಾಪಸ್ ಬರಬಾರದು.

ನರ್ಸಮ್ಮ | ಮಂಗಳವಾರ, ರಾತ್ರಿ 10.50

ಹಗಲು ಪಾಳಿ ಮುಗಿಸಿ ಬಂದು ಇದೆಲ್ಲ ಓದಿದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ನೋಡಿದ್ದನ್ನಷ್ಟೇ ಹೇಳುತ್ತೇನೆ.

ಗಾಳ ಚುಚ್ಚಿಕೊಂಡು ಬರುವವರೇ ಹೆಚ್ಚು, ಅದರಲ್ಲೂ ಹಿಂದೆ ನಿಂತಿದ್ದವರು. ಬೀಸುವ ಮೊದಲು ಹಿಂದೆ ತಿರುಗಿ ನೋಡಿ, ಪ್ರತಿ ಸಲವೂ. ಮಗನ ಕಣ್ಣಿಗೆ ಒಂದು ಕನ್ನಡಕ ಇರಲಿ, ಸಾದಾ ಕನ್ನಡಕವಾದರೂ ಸರಿ. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಆಗ ಚರ್ಮಕ್ಕೆ ಹೊಕ್ಕರೂ ಹೊಕ್ಕ ದಾರಿಯಲ್ಲೇ ಸಲೀಸಾಗಿ ಹೊರಬರುತ್ತದೆ, ಮೀನಿಗೂ ಹಿಂಸೆ ಕಡಿಮೆ. ಹಿಮ್ಮುಳ್ಳು ಒಳಗೆ ಹೂತಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ ಹಾಗೆಯೇ ಬನ್ನಿ, ಧನುರ್ವಾಯು ತಡೆಯುವ ಟಿ.ಟಿ. ಚುಚ್ಚುಮದ್ದಿಗೂ ಬರಲೇಬೇಕು. ಕಣ್ಣಿಗೆ ಅಥವಾ ರೆಪ್ಪೆಗೆ ಚುಚ್ಚಿದ್ದರೆ ಮುಟ್ಟಲೂಬೇಡಿ. ಒಂದು ಕಾಗದದ ಲೋಟವನ್ನು ಕಣ್ಣಿಗೆ ಒತ್ತದಂತೆ ಮುಚ್ಚಿ ಹಿಡಿದು ಕರೆತನ್ನಿ.

ಚೇಳು ಮೀನಿನ ವಿಷಯ ಯಾರೂ ಹೇಳಿಲ್ಲ. ಕಪ್ಪಗೆ, ಉದ್ದಕ್ಕೆ, ಎಂಟು ಮೀಸೆ. ಕಿವಿರಿನ ಹಿಂದಿನ ಎರಡು ಮುಳ್ಳುಗಳಲ್ಲಿ ವಿಷವಿದೆ. ಚುಚ್ಚಿದರೆ ದೊಡ್ಡವರೂ ಅಳುತ್ತಾರೆ. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು, ಆ ವಿಷ ಬಿಸಿಗೆ ಕೆಡುತ್ತದೆ. ನೋವಿನಲ್ಲಿ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಆದ್ದರಿಂದ ಪಕ್ಕದವರು ತಮ್ಮ ಕೈ ಇಟ್ಟು ನೋಡಬೇಕು. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ, ಚಹಾ ಬೇಕಾದರೂ ಆಗುತ್ತದೆ.

ಹಾವು. ಕೆರೆಯಲ್ಲಿ ಈಜುವ ನೀರುಹಾವಿಗೆ ವಿಷವಿಲ್ಲ. ಏರಿಯ ಕಲ್ಲುಸಂದಿಯಲ್ಲಿ, ಒಣಹುಲ್ಲಿನಲ್ಲಿ ಇರುವ ಕೊಳಕುಮಂಡಲಕ್ಕೆ ಹೆದರಿ. ಬೆಳಗಿನ ಕತ್ತಲಲ್ಲಿ ಟಾರ್ಚ್ ಮತ್ತು ಬೂಟು ಇರಲೇಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಚೀಪಬಾರದು. ಉಂಗುರ, ಕಾಲುಂಗುರ ತೆಗೆಯಿರಿ, ಮೂಳೆ ಮುರಿದಾಗ ಮಾಡುವ ಹಾಗೆ ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, 108ಕ್ಕೆ ಕರೆ ಮಾಡಿ.

ಕೊನೆಯದು, ನನಗೆ ನಿದ್ದೆ ಕೆಡಿಸುವ ವಿಷಯ. ಮುಳುಗುತ್ತಿರುವವರ ಹಿಂದೆ ಹಾರಬೇಡಿ. ಹಗ್ಗ, ಪಂಚೆ, ಸೀರೆ, ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕರೂ ಎಸೆಯಿರಿ. ಒಬ್ಬನನ್ನು ಉಳಿಸಲು ಹೋಗಿ ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಶವಾಗಾರಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ. ಹೊರತೆಗೆದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಎಲ್ಲ ಸಮಯ ಹಾಳು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು, ಆಂಬುಲೆನ್ಸ್ ಬರುವವರೆಗೆ ಬಿಡದೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಬದುಕುತ್ತಾರೆ ಎಂಬ ಮಾತು ನಮ್ಮ ರಾಜ್ಯದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಮಕ್ಕಳನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕೂತ ತಂದೆತಾಯಿ ಇದ್ದಾರೆ. ದಯವಿಟ್ಟು ಇದನ್ನು ನಿಮ್ಮ ಊರಿನವರಿಗೆ ಹೇಳಿ.

ತಿಪ್ಪಗೊಂಡನಹಳ್ಳಿ_ನೆನಪು | ಬುಧವಾರ, ಬೆಳಿಗ್ಗೆ 8.30

ಹಿಡಿದು ಬಿಡುವುದೋ, ತಿನ್ನುವುದೋ? ನನ್ನ ಅಭಿಪ್ರಾಯ ಹೇಳುತ್ತೇನೆ. ತಿನ್ನುವುದಕ್ಕಲ್ಲದೆ ಒಂದು ಜೀವದ ಬಾಯಿಗೆ ಕೊಕ್ಕೆ ಹಾಕಿ ಎಳೆದಾಡುವುದು ನನಗೆ ಒಪ್ಪಿಗೆಯಿಲ್ಲ. ಹಸಿವಿಗೆ ಹಿಡಿಯಿರಿ, ಇಲ್ಲವಾದರೆ ಹಿಡಿಯಬೇಡಿ.

ನೆಲಮಂಗಲ_ನಾಗ | ಬುಧವಾರ, ಬೆಳಿಗ್ಗೆ 9.05

ನಿಮ್ಮ ಮಾತಿಗೆ ಗೌರವ ಕೊಡುತ್ತೇನೆ. ಆದರೆ ಬೆಂಗಳೂರಿನ ಎಷ್ಟೋ ಕೆರೆಯ ಮೀನು ತಿನ್ನುವ ಹಾಗಿಲ್ಲ. ನೊರೆ ಬರುವ, ಚರಂಡಿ ಸೇರುವ ಕೆರೆಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಮೀನಿನ ಮೈಯಲ್ಲಿ ಸೇರುತ್ತವೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು, ನೀರಿನಲ್ಲಿ ಆಮ್ಲಜನಕವೇ ಉಳಿದಿರಲಿಲ್ಲ. ಅಂಥ ನೀರಿಗೆ ಗಾಯವಿರುವ ಕಾಲನ್ನೂ ಇಡಬಾರದು, ಇಲಿ ಜ್ವರ ಬರಬಹುದು.

ತಿನ್ನುವ ಮೀನಾದರೆ ಹಿಡಿದ ಕೂಡಲೇ ಕಣ್ಣುಗಳ ಮೇಲ್ಭಾಗಕ್ಕೆ ಮರದ ಕೊಡತಿಯಿಂದ ಒಂದೇ ಏಟು ಕೊಟ್ಟು ಮುಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯವರೆಗೆ ಒದ್ದಾಡಲು ಬಿಡಬೇಡಿ. ಕೊರವ ಗಾಳಿ ಉಸಿರಾಡುವ ಮೀನು, ಗಂಟೆಗಟ್ಟಲೆ ಸಾಯುವುದಿಲ್ಲ. ಬಿಡುವ ಮೀನಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಡಬೇಡಿ, ಕಿವಿರಿಗೆ ಬೆರಳು ಹಾಕಬೇಡಿ. ನೀರಿನಲ್ಲೇ ಹಿಡಿದುಕೊಂಡಿದ್ದು, ತಾನಾಗಿ ಕೈಬಿಡಿಸಿಕೊಂಡಾಗ ಬಿಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ವಾಪಸ್ ಬಿಡಬೇಡಿ. ಸರ್ಕಾರ ಸಾಕಣೆಯನ್ನೇ ನಿಷೇಧಿಸಿರುವ ಮೀನು ಅದು, ಕೆರೆಯ ಉಳಿದ ಮೀನನ್ನೆಲ್ಲ ಮುಕ್ಕುತ್ತದೆ. ಆಮೆ ಸಿಕ್ಕಿಕೊಂಡರೆ ಬಾಯಿಯ ಹತ್ತಿರ ದಾರ ಕತ್ತರಿಸಿ ನೀರಿಗೆ ಬಿಡಿ, ಮೆದುಚಿಪ್ಪಿನ ಆಮೆಯನ್ನು ಮನೆಗೆ ಒಯ್ದರೆ ಜೈಲು.

ಮಲೆನಾಡ_ಮಗಳು | ಬುಧವಾರ, ಬೆಳಿಗ್ಗೆ 9.40

ಕತ್ತರಿಸಿದ ದಾರವನ್ನು ದಡದಲ್ಲಿ ಬಿಟ್ಟು ಬರಬೇಡಿ ಎಂದೂ ಸೇರಿಸಿ. ಮಲ್ಲತ್ತಹಳ್ಳಿ ಕಡೆ ನಡೆಯಲು ಹೋದಾಗ ಜಾಲಿ ಮರದಲ್ಲಿ ಒಂದು ಬೆಳ್ಳಕ್ಕಿ ನೇತಾಡುತ್ತಿತ್ತು. ತಂಗಸಿ ದಾರ (ಗಾಳದ ನೈಲಾನ್ ದಾರ) ರೆಕ್ಕೆಯ ಬುಡಕ್ಕೆ ಸುತ್ತಿ ಮೂಳೆಯವರೆಗೆ ಇಳಿದಿತ್ತು. ದಾರದ ಇನ್ನೊಂದು ತುದಿಯಲ್ಲಿ ಬೆಂಡು ಹಾಗೆಯೇ ಇತ್ತು, ಕೆಂಪು ಬಿಳಿ ಬಣ್ಣದ್ದು. ಗಾಳಿಗೆ ಅದು ಅಲುಗುತ್ತಿತ್ತು.

ಏರಿ_ಊರಿನವ | ಬುಧವಾರ, ಮಧ್ಯಾಹ್ನ 12.15

ಅನುಮತಿ ವಿಚಾರ. ಹಲವು ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಟ್ಟಿರುತ್ತದೆ. ಮರಿ ಬಿತ್ತುವುದು ಗುತ್ತಿಗೆದಾರರೇ, ಕಾಯುವವರೂ ಅವರೇ. ಕೇಳದೆ ಗಾಳ ಹಾಕಿದರೆ ಅವರ ಬೆಳೆಗೆ ಕೈ ಹಾಕಿದ ಹಾಗೆ. ಕೇಳಿದರೆ ಎಷ್ಟೋ ಜನ ಬೇಡ ಎನ್ನುವುದಿಲ್ಲ, ಮಗುವಿದ್ದರಂತೂ ಜಾಗವನ್ನೂ ತೋರಿಸುತ್ತಾರೆ. ಪಾಲಿಕೆಯ ಫಲಕದಲ್ಲಿ ನಿಷೇಧ ಎಂದಿದ್ದರೆ ಅಲ್ಲಿಗೆ ಮುಗಿಯಿತು. ಕಲಿಯುವವರಿಗೆ ಹಣ ಕೊಟ್ಟು ಗಾಳ ಹಾಕುವ ಖಾಸಗಿ ಕೊಳಗಳೇ ಮೇಲು, ಅಂಚು ಕಟ್ಟಿರುತ್ತದೆ, ಆಳ ಎಷ್ಟೆಂದು ಹೇಳುವವರು ಇರುತ್ತಾರೆ.

ಮಾಗಡಿ_ರಸ್ತೆಯವ | ಮುಂದಿನ ಸೋಮವಾರ, ರಾತ್ರಿ 8.20

ಎಲ್ಲರಿಗೂ ಹೃದಯ ತುಂಬಿ ವಂದನೆ. ನರ್ಸಮ್ಮನವರ ಬರಹವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಉಪ್ಪಿನ ಭಾಗವನ್ನು ತನ್ನ ತವರಿನವರಿಗೆಲ್ಲ ಕಳಿಸಿದಳು. ಆಮೇಲೆ ತಾನೂ ಬರುತ್ತೇನೆ ಎಂದಳು.

ನೆಲಮಂಗಲದ ಕಡೆ ಒಬ್ಬರ ಕೃಷಿಹೊಂಡಕ್ಕೆ ಕೇಳಿಕೊಂಡು ಹೋದೆವು. ಪ್ಲಾಸ್ಟಿಕ್ ಹಾಸಿದ ಹೊಂಡ, ಬಿದ್ದರೆ ಹತ್ತಿ ಬರಲು ಹಿಡಿತವೇ ಇಲ್ಲ ಎಂಬುದು ಅಂಚಿನಲ್ಲಿ ಕೈ ಸವರಿದಾಗ ಗೊತ್ತಾಯಿತು. ಗಂಟು ಹಾಕಿದ ಹಗ್ಗವೊಂದನ್ನು ಮರಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟು ಆಮೇಲೆ ಕೂತೆವು. ಬೇಲಿಯಿಂದ ನಾಲ್ಕು ಅಡಿ ಒಳಗೆ ಒಂದು ಗೆರೆ ಎಳೆದು, ಮಗ ಅದನ್ನು ದಾಟಬಾರದು ಎಂದು ಮಾತು ತೆಗೆದುಕೊಂಡೆ. ಅವನು ದಾಟಲಿಲ್ಲ.

ಮೊದಲು ಸಿಕ್ಕಿದ್ದು ಅಂಗೈಯಷ್ಟು ಜಿಲೇಬಿ. ಅವನು ಬಕೆಟ್ಟಿನಲ್ಲಿ ಕೈ ಅದ್ದಿ ಒದ್ದೆ ಮಾಡಿಕೊಂಡು, ತಲೆಯಿಂದ ಬಾಲಕ್ಕೆ ಸವರಿ ಹಿಡಿದು, ಮೀನಿನ ಮುಖವನ್ನು ತನ್ನ ಮುಖದ ಹತ್ತಿರ ತಂದು ಬಹಳ ಹೊತ್ತು ಬಾಯಿಯನ್ನೇ ನೋಡಿದ. ‘ಇದು ಮೇಲೂ ಅಲ್ಲ, ಕೆಳಗೂ ಅಲ್ಲ ಅಪ್ಪ, ನೇರ ಇದೆ’ ಎಂದ. ಹೊರಡುವಾಗ ಯಾರೋ ಬಿಟ್ಟುಹೋಗಿದ್ದ ದಾರವನ್ನು ಹುಲ್ಲಿನಿಂದ ಬಿಡಿಸಿ ಖಾಲಿ ನೀರಿನ ಬಾಟಲಿಗೆ ಸುತ್ತಿ ಚೀಲಕ್ಕೆ ಹಾಕಿಕೊಂಡ. ನಾನು ಹೇಳಿರಲಿಲ್ಲ.

ಎರಡು ಪ್ರಶ್ನೆ. ಒಂದು ಒಳ್ಳೆಯ ಮೀನು ಗಂಟು ಬಿಚ್ಚಿಸಿಕೊಂಡು ಹೋಯಿತು, ದಾರ ತುಂಡಾಗಿರಲಿಲ್ಲ, ತುದಿ ಸುರುಳಿಯಾಗಿತ್ತು. ಮತ್ತೆ, ಮಗನಿಗೆ ಲೈಫ್ ಜಾಕೆಟ್ ತಂದಿದ್ದೇನೆ, ‘ಬೆಳೆಯುವ ಹುಡುಗ’ ಎಂದು ಒಂದು ಅಳತೆ ದೊಡ್ಡದು ತಂದೆ. ಸರಿಯೇ?

ಬೆಂಡು_ಕಾಯುವವ | ಸೋಮವಾರ, ರಾತ್ರಿ 9.30

ತುದಿ ಸುರುಳಿಯಾಗಿದ್ದರೆ ಗಂಟು ಜಾರಿದೆ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಮೂಲ ದಾರದ ಸುತ್ತ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಗೆ ತೂರಿಸಿ, ಹಾಗೆ ಉಂಟಾದ ದೊಡ್ಡ ಕುಣಿಕೆಯೊಳಗೂ ಒಮ್ಮೆ ತೂರಿಸಿ. ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣದಾರವನ್ನು ಬಿಗಿದರೆ ತಿಕ್ಕಾಟದ ಬಿಸಿಗೆ ನೈಲಾನ್ ಸತ್ತುಹೋಗುತ್ತದೆ. ರೀಲಿನ ಹಿಡಿತವನ್ನು ದಾರದ ಬಲದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬಿಗಿಮಾಡಬೇಡಿ, ದೊಡ್ಡ ಮೀನು ಓಡುವಾಗ ದಾರ ಬಿಡಬೇಕು.

ಜಾಕೆಟ್ ಬದಲಾಯಿಸಿ. ತೊಡಿಸಿ ಎಲ್ಲ ಪಟ್ಟಿ ಬಿಗಿದು, ಎರಡೂ ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ, ಕಿವಿ ಒಳಗೆ ಇಳಿದರೆ ಅದು ನೀರಿನಲ್ಲಿ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ತೊಡೆಗಳ ನಡುವೆ ಹಾದು ಬರುವ ಪಟ್ಟಿ ಇರುವುದನ್ನೇ ಕೇಳಿ. ಅಂಗಡಿಯವರು ವಾಪಸ್ ತೆಗೆದುಕೊಳ್ಳದಿದ್ದರೆ ನನಗೆ ತಿಳಿಸಿ, ನನ್ನ ಮೊಮ್ಮಗನದ್ದು ಇದೆ, ಅವನಿಗೂ ಹನ್ನೊಂದೇ. ಭಾನುವಾರ ಬೆಳಿಗ್ಗೆ ಆರಕ್ಕೆ ಸುಂಕದಕಟ್ಟೆ ಬಸ್ ನಿಲ್ದಾಣದ ಹತ್ತಿರ ಇರುತ್ತೇನೆ. ರಾಗಿ ನಾದಿಕೊಂಡು ಬರುತ್ತೇನೆ, ಹಿಂಡಿ ನೀವು ತನ್ನಿ.